ಖಾಜಾಸಾಬರ ಮೂಗು

ಖಾಜಾಸಾಬರಿಗಿಂತ ಮೊದಲು ಅವರ ಅತ್ತರು ಬರುತ್ತಿತ್ತು. ಬೇರೆಯವರು ಹಬ್ಬಕ್ಕೆ ಒಂದು ಹನಿ ಹಚ್ಚಿಕೊಂಡರೆ ಇವರು ದಿನಾ ಅಂಗಿಯ ಮೇಲೆ ಸುರಿದುಕೊಂಡೇ ಬರುತ್ತಿದ್ದರು. ಮಾನ್ವಿಯಲ್ಲಿ ಅವರದು ಕ್ರಿಮಿನಾಶಕದ ಅಂಗಡಿ, ದೇವದುರ್ಗದಲ್ಲಿ ನನ್ನದು ಬೀಜದ್ದು. ಮೂಗು ಸುಡುವ ಆ ಔಷಧದ ಡಬ್ಬಿಗಳ ನಡುವೆಯೇ ಅವರು ಬುತ್ತಿ ಬಿಚ್ಚಿ ಉಣ್ಣುವುದನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತಿತ್ತು. ನನ್ನದು ಮೊದಲೇ ಎಲ್ಲಕ್ಕೂ ಹೇಸುವ ಸ್ವಭಾವ. ಕಂಡವರ ಲೋಟದಲ್ಲಿ ನೀರು ಕುಡಿಯುವವನಲ್ಲ, ಹೆಂಡತಿಯ ಎಂಜಲನ್ನೂ ಮುಟ್ಟಿದವನಲ್ಲ.

ಅಂಥ ನನ್ನನ್ನು ಅಂಥವರ ಜೊತೆ ಬ್ಯಾಂಕಾಕಿನಲ್ಲಿ ಒಂದೇ ಕೋಣೆಗೆ ಹಾಕಿದರು. ಹೆಚ್ಚು ಮಾಲು ಮಾರಿದ ವ್ಯಾಪಾರಿಗಳಿಗೆ ಕಂಪನಿಯೊಂದು ಕೊಟ್ಟ ಪ್ರವಾಸ ಅದು. ನಾನು ಕೊರಳಲ್ಲಿ ಲಿಂಗ ಕಟ್ಟಿದವನು, ಮಾಂಸ ಮುಟ್ಟುವಂತಿಲ್ಲ. ಮೇಲೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೆಂದೇ ಹೆಂಡತಿ ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ವಿಮಾನದಿಂದ ನಾವು ಇಳಿದೆವು, ರೊಟ್ಟಿಯ ಬ್ಯಾಗು ಇಳಿಯಲಿಲ್ಲ.

ಊರು ನೋಡಿದರೆ ಅಸಹ್ಯ. ತಳ್ಳುಗಾಡಿಗಳ ಮೇಲೆ ಹುರಿದ ಹುಳ, ಕೊಕ್ಕೆಗೆ ಕುತ್ತಿಗೆ ಸಿಕ್ಕಿಸಿದ ಬಾತುಕೋಳಿ, ಎಲ್ಲದರ ಮೇಲೂ ಮೀನಿನ ನಾತ. ಕಂಬಗಳ ಮೇಲೆ ಓಡುವ ರೈಲೊಂದೇ ಸ್ವಚ್ಛವಾಗಿತ್ತು. ಅದರಲ್ಲಿ ಅಲ್ಲಿನ ಜನ ಪಿಸುಗುಡುತ್ತಿದ್ದರೆ ನಮ್ಮವರು ಈ ತುದಿಯಿಂದ ಆ ತುದಿಗೆ ಕೂಗಾಡಿ ಮಾನ ಕಳೆದರು. ಕಾಲುವೆಯ ದೋಣಿ ಹತ್ತಿದರೆ ಕರಿ ನೀರು ಮುಖಕ್ಕೇ ಸಿಡಿಯಿತು. ನಾನು ಮೂಗು ಮುಚ್ಚಿ ಓಕರಿಸುತ್ತಿದ್ದೆ. ಪಕ್ಕದಲ್ಲಿ ಖಾಜಾಸಾಬರು ಎದೆಯೊಡ್ಡಿ ಕುಳಿತಿದ್ದರು.

"ಎಂಥಾ ಚಲೋ ಗಾಳಿ ಬೀಸಾಕತ್ತದ ನೋಡ್ರಿ ಸಾವುಕಾರ್ರ!"

ಮೊದಲ ದಿನ ಮಧ್ಯಾಹ್ನ ಹೋಟೆಲೊಂದರಲ್ಲಿ ಗುಳಿಗೆ ಮುಂದಿಟ್ಟುಕೊಂಡು, ತಾಟಿನಲ್ಲಿ ಇರುವುದೇನೆಂದು ತಿಳಿಯದೆ ಕುಳಿತಿದ್ದೆ. ಖಾಜಾಸಾಬರು ತಾಟು ಎತ್ತಿಕೊಂಡರು. "ತಡೀರಿ, ನಾ ಮೂಸಿ ಹೇಳ್ತೀನಿ. ತಿನ್ನೋ ಮಂದಿಗೆ ಮಾಂಸದ ವಾಸನಿ ಲಗೂನ ತಿಳೀತದ."

ಕೈತೊಳೆಯುವ ಜಾಗಕ್ಕೆ ಹೋಗಿ ನನಗೆ ಬೆನ್ನು ಮಾಡಿ ನಿಂತರು. ಸ್ವಲ್ಪ ಹೊತ್ತಿಗೆ ಥೂ ಎಂದು ಉಗುಳಿ, ಬಾಯಿ ಮುಕ್ಕಳಿಸಿ ವಾಪಸು ಬಂದರು. "ಇದು ಬ್ಯಾಡ್ರಿ, ಕೋಳಿ ಅದ." ಇನ್ನೊಂದು ತಾಟಿಗೂ ಅದೇ ಮೂಸುವಿಕೆ, ಅದೇ ಉಗುಳು. "ಇದು ಉಣ್ರಿ, ಬರೇ ಕಾಯಿಪಲ್ಯ. ಸಾರು ಮಾತ್ರ ಮುಟ್ಟಬ್ಯಾಡ್ರಿ." ಪ್ರವಾಸ ಮುಗಿಯುವ ತನಕ ಪ್ರತಿ ಊಟಕ್ಕೂ ಇದೇ ನಡೆಯಿತು. ತಾವು ಮಾತ್ರ ಯಾವುದು ಹಲಾಲೋ ಯಾವುದು ಅಲ್ಲವೋ ಎಂದು ಬಾಳೆಹಣ್ಣು, ಬ್ರೆಡ್ಡಿನಲ್ಲೇ ದಿನ ಕಳೆದರು. ಮನುಷ್ಯ ಒಳ್ಳೆಯವನೇ, ಪರದೇಶದಲ್ಲೂ ಗುಟ್ಕಾ ಬಿಡಲಾರನಲ್ಲ ಎಂದು ನಾನು ಆ ಉಗುಳಿಗೆ ಹೇಸಿಕೊಂಡೇ ಉಂಡೆ.

ಒಂದು ಸಂಜೆ ನಮ್ಮವರೆಲ್ಲ ಬಣ್ಣದ ದೀಪದ ಬೀದಿಗೆ ನುಗ್ಗಿದರು. ಊರಲ್ಲಿ ಹಣೆ ತುಂಬ ವಿಭೂತಿ ಬಳಿದುಕೊಳ್ಳುವವರು, ಅಂಗಡಿಗೆ ಹೆಣ್ಣುಮಕ್ಕಳು ಬಂದರೆ ತಲೆ ಎತ್ತದವರು, ಅಲ್ಲಿ ಬಾಗಿಲಿಗೆ ನಿಂತ ಹುಡುಗಿಯರ ಮುಂದೆ ಸಂತೆಯಲ್ಲಿ ಎಮ್ಮೆ ಕೊಳ್ಳುವವರ ಹಾಗೆ ಚೌಕಾಸಿಗೆ ನಿಂತರು. ಹುರಿದ ಹುಳ ಕಂಡಾಗಲೂ ನನಗೆ ಅಷ್ಟು ವಾಕರಿಕೆ ಬಂದಿರಲಿಲ್ಲ. ಖಾಜಾಸಾಬರು ನನ್ನ ತೋಳು ಹಿಡಿದರು.

"ನಡೀರಿ ಸಾವುಕಾರ್ರ. ಅವ್ರೂ ಯಾರ ಮನಿ ಮಕ್ಕಳೋ ಏನೋ. ಹುಳ ತಿನ್ನೋರ ಬಾಯಿನ ವಾಸಿ, ನಮ್ಮವ್ರ ಕಣ್ಣು ಹೊಲಸು."

ಮೋರಿಯ ಕಡೆ ತಿರುಗಿ ಉಗುಳಿದರು. ಅದೊಂದು ಉಗುಳನ್ನು ನಾನು ಮನಸಾರೆ ಒಪ್ಪಿದೆ.

ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಮಾನ್ವಿಗೆ ಹೋದೆ. ಪಡಸಾಲೆಯಲ್ಲಿ ಮಂಚ, ಪಕ್ಕದಲ್ಲೇ ಅಡಿಗೆಮನೆ. ಮಾತಾಡುತ್ತಿದ್ದಂತೆ ಹಾಲು ಸೀದ ವಾಸನೆ ಅಡರಿತು. ಖಾಜಾಸಾಬರು ತಣ್ಣಗೆ ಹತ್ತಿಯ ರೇಟು ಕೇಳುತ್ತಲೇ ಇದ್ದರು. ಹಿತ್ತಲಿಂದ ಅವರ ಹೆಂಡತಿ ಓಡಿ ಬಂದರು.

"ಅಜೀ, ದೂಧ್ ಜಲ್‌ರಾ!" ಎಂದು ಗಂಡನಿಗೆ ಹೇಳಿ, ಒಲೆ ಆರಿಸಿ ನನ್ನ ಕಡೆ ತಿರುಗಿದರು. "ಇವ್ರಿಗೆ ಹೇಳಿ ಏನು ಮಾಡೋದ್ರೀ. ಆ ಹಾಳು ಔಷಧದಾಗ ಕುಂತು ಕುಂತು ಮೂಗು ಸತ್ತು ಎಷ್ಟೋ ವರ್ಷಾತು. ಅತ್ತರ ಸೈತ ತಿಳಿಯಂಗಿಲ್ಲ, ಸುರಕೋತಾರ."

ನಾನು ಖಾಜಾಸಾಬರ ಮುಖ ನೋಡಿದೆ. "ಹಂಗಾದ್ರ ಬ್ಯಾಂಕಾಕಿನಾಗ ಹೆಂಗ ಮೂಸಿದ್ರಿ?"

ಅವರು ನಾಲಿಗೆ ಹೊರಚಾಚಿ ಬೆರಳಿಂದ ಮುಟ್ಟಿ ತೋರಿಸಿದರು. "ಅಗದ್ರ ನಾರು ಸಿಕ್ತಂದ್ರ ಮಾಂಸ, ಇಲ್ಲಂದ್ರ ಕಾಯಿಪಲ್ಯ. ಸಾರಿನಾಗ ಅಗಿಯಾಕ ಏನದ? ಅದಕ್ಕ ಬ್ಯಾಡ ಅಂದೆ."

"ಖಾಜಾಸಾಬ್ರ, ಹಂದಿ ಇದ್ದಿದ್ರ?"

"ಇತ್ತೋ ಏನೋ. ನುಂಗಿಲ್ಲಲ್ರೀ, ಉಗುಳೀನಿ. ಉಳಿದದ್ದು ಖುದಾಗ ಬಿಟ್ಟದ್ದು."

"ಒಂದು ಮಾತು ಹೇಳಬಾರ್ದಿತ್ತಾ?"

"ನಾ ಬಾಯಾಗ ಹಾಕ್ಕೊಂಡ ತಾಟು ನೀವು ಮುಟ್ತಿದ್ರೇನು? ಗುಳಿಗಿ ನುಂಗಿ ಉಪಾಸ ಬಿದ್ದು ಸತ್ತಿದ್ರ ನಿಮ್ಮನ್ನ ದೇವದುರ್ಗಕ್ಕ ಯಾರು ಹೊತ್ಕೊಂಡು ಬರೋರು?" ಎಂದು ಕೆಮ್ಮುತ್ತಾ ನಕ್ಕರು.

ಆ ಪ್ರವಾಸದಲ್ಲಿ ನಾನು ಉಂಡದ್ದೆಲ್ಲ ಅವರ ಎಂಜಲು. ಹೊಟ್ಟೆ ತೊಳಸುತ್ತದೆಂದು ಕಾದೆ. ತೊಳಸಲಿಲ್ಲ. ಅದೇ ನಮ್ಮ ಕೊನೆಯ ಭೇಟಿಯಾಯಿತು.

ಈಚೆಗೆ ರಾಯಚೂರಿನಲ್ಲಿ ವ್ಯಾಪಾರಿಗಳ ಸಭೆಯಿತ್ತು. ಊಟಕ್ಕೆ ಸಾಲು ಹಚ್ಚಿದ್ದರು. ಬಡಿಸುವವನು "ಎಲ್ಲಾ ಪ್ಯೂರ್ ವೆಜ್ ಅದ ತಗೋರಿ ಸರ" ಎಂದ. ಬಣ್ಣದ ದೀಪದ ಬೀದಿಯ ಗೆಳೆಯರೆಲ್ಲ ವಿಭೂತಿ ಧರಿಸಿ ಗಬಗಬ ಉಣ್ಣುತ್ತಿದ್ದರು. ನಾನು ತಾಟು ಹಿಡಿದು ಕೈತೊಳೆಯುವ ಕಡೆ ನೋಡುತ್ತಾ ನಿಂತೆ. ಅಲ್ಲಿ ಯಾರೂ ಉಗುಳುತ್ತಿರಲಿಲ್ಲ. ಉಣ್ಣದೆ ತಾಟು ಇಟ್ಟು ಬಂದೆ.