ಚೀಲದ ಬಣ್ಣ

ರಾಣೆಬೆನ್ನೂರಿನ ನಮ್ಮ ಪರಿಸರ ಬಳಗದಲ್ಲಿ ಕಾರಿಲ್ಲದವರು ಯಾರೂ ಇರಲಿಲ್ಲ. ಜನರಿಗೆ ಪ್ಲಾಸ್ಟಿಕ್ ಬಿಡಿಸಲು ಬಟ್ಟೆಚೀಲ ಹಂಚಬೇಕೆಂದು ಒಂದೇ ಮಾತಿಗೆ ಒಪ್ಪಿದೆವು. ಆದರೆ ಅದರ ಮೇಲಿನ ಅಕ್ಷರಗಳ ಬಣ್ಣಕ್ಕೆ ಮೂರು ಸಭೆ ಬೇಕಾದವು. ಕೆಂಪು ಎಂದರೆ ಬಳಗದಲ್ಲಿದ್ದ ವ್ಯಾಪಾರಸ್ಥರು ಮುಖ ಸಿಂಡರಿಸಿದರು, ಕೇಸರಿ ಎಂದರೆ ನಾನು ಎದ್ದು ಹೊರಟೆ. ಹೋಗಲಿ, ಹಸಿರಾದರೂ ಇರಲಿ ಎಂದರೆ ಬೀಜದಂಗಡಿಯ ಸಾಹುಕಾರರು, "ಬ್ಯಾಡ್ರಿ, ಹಸಿರು ಶಾಲಿನ ರೈತರು ಮೊನ್ನಿ ಅಷ್ಟ ನಮ್ಮ ಅಂಗಡಿ ಮುಂದ ಧರಣಿ ಕುಂತಿದ್ರು" ಎಂದರು. ಕೊನೆಗೆ ಕಪ್ಪು ಗೆದ್ದಿತು.

ಹಂಚಲು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ನಾಲ್ವರು ನಾಲ್ಕು ಕಾರಿನಲ್ಲಿ ಹೋದೆವು. ಕಾಯಿಯ ತೊಟ್ಟು ಬಿಡಿಸುತ್ತಿದ್ದ ಅಜ್ಜಿಯೊಬ್ಬಳ ಪಕ್ಕದಲ್ಲಿ, ಗೊಬ್ಬರದ ಪ್ಲಾಸ್ಟಿಕ್ ಚೀಲ ಕತ್ತರಿಸಿ ಹೊಲಿದ ಕೈಚೀಲವಿತ್ತು. "ಪ್ಲಾಸ್ಟಿಕ್ ನೂರು ವರ್ಷವಾದರೂ ಮಣ್ಣಾಗುವುದಿಲ್ಲ, ಅಜ್ಜಿ" ಎಂದು ನಾನು ಉಪದೇಶ ಶುರುಮಾಡಿದೆ.

"ಖರೇ ಅದರಿ. ಅದಕ್ಕ ಹೊಸಾದು ತಗೊಳ್ಳಂಗಿಲ್ರಿ. ಇದನ್ನ ಹೊಲಿದು ಹತ್ತು ವರ್ಷ ಆತು, ಇನ್ನೂ ಹರಿದಿಲ್ಲ" ಎಂದ ಅಜ್ಜಿ, ನಮ್ಮ ಚೀಲದ ಹಿಡಿಯನ್ನು ಎಳೆದು ನೋಡಿ ಮರಳಿಸಿದಳು. "ಇದು ಭಾರ ತಡಿಯಂಗಿಲ್ರಿ. ಬೇಕಂದ್ರ ನಿಮಗೂ ನನ್ನಂಥಾದು ಒಂದು ಹೊಲಿದು ಕೊಡ್ತೇನಿ."

"ಯಾವ ಬಣ್ಣದ್ದು?" ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು.