ಹೊಸ ಟಾಯರು ಮುಂದಕ್ಕೆ

ನಬಿಸಾಬಣ್ಣನ ಬಗ್ಗೆ ಬರೆಯಲು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದಕ್ಕೇ ಒಂದು ವರ್ಷ ಇದನ್ನು ಮುಂದೂಡುತ್ತಾ ಬಂದೆ.

ಅಮೀನಗಡದಲ್ಲಿ ಕರದಂಟಿನ ಅಂಗಡಿಗಳ ಸಾಲು ಮುಗಿದು ಬಾಗಲಕೋಟೆ ರಸ್ತೆ ಹಿಡಿದರೆ ಎಡಕ್ಕೆ ಅವರ ಟಾಯರ್ ಅಂಗಡಿ. ಒಂದು ತಗಡಿನ ಚಪ್ಪರ, ಒಂದು ಗಾಳಿ ಹಾಕುವ ಯಂತ್ರ, ಮೂವತ್ತು ವರ್ಷದ ಎಣ್ಣೆ ಕುಡಿದು ಕರಿಯಾದ ನೆಲ. ಗಾಡಿ ಬಂದು ನಿಂತರೆ ಸಾಕು, ಮೊದಲು ಹೆಬ್ಬೆರಳಿನಿಂದ ಟಾಯರನ್ನು ಒತ್ತಿ ನೋಡುವರು. ಆಮೇಲೆ ಮೂರು ಪ್ರಶ್ನೆ. ಯಾವ ರೋಡಿಗೆ ಓಡ್ತೈತಿ, ಎಷ್ಟೊತ್ತಿಗೆ ಓಡ್ತೈತಿ, ಒಳಗ ಯಾರ್ ಕುಂದರ್ತಾರ? ಟಾಯರ್ ಕೇಳಿದರೆ ಜಾತಕ ಕೇಳುವ ಮನುಷ್ಯ ಎಂದು ಊರವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನನ್ನ ಸ್ಕೂಟಿಯ ಗಾಲಿಯನ್ನು ಅವರಿಗಲ್ಲದೆ ಬೇರೆಯವರ ಕೈಗೆ ಕೊಟ್ಟವಳಲ್ಲ.

ನನ್ನ ತಮ್ಮ ಶಿವಪ್ರಕಾಶನಿಗೆ ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ. ಪುಣೆಗೆ ಹೋದವನು ಅಲ್ಲಿಂದ ಒಂದು ಕೆಂಪು ಕಾರು ಖರೀದಿಸಿ ಓಡಿಸಿಕೊಂಡು ಬಂದ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಕಾಲು ಒತ್ತಿದರೆ ಬೆನ್ನನ್ನು ಸೀಟಿಗೆ ಅಂಟಿಸುವ ಕಾರು. ಬಾಗಲಕೋಟೆಯಲ್ಲಿ ಅವನ ಹೊಸ ಗೋದಾಮು, ಅಲ್ಲೇ ನಾನು ಕಲಿಸುವ ಹೈಸ್ಕೂಲು. ದಿನಾ ಮುಂಜಾನೆ ಹುನಗುಂದದ ಮೇಲೆ ಹಾದು ಬಂದು ಅಮೀನಗಡದಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದ. ಬಸ್ಸಿನ ಜಗ್ಗಾಟ ತಪ್ಪಿತಲ್ಲ ಎಂದು ನಾನೂ ಹಿಗ್ಗಿದ್ದೆ.

ಡಿಸೆಂಬರಿನಲ್ಲಿ ಅವನ ಟಾಯರು ಸವೆದು ನುಣ್ಣಗಾದವು. ನಾನೇ ನಬಿಸಾಬಣ್ಣನ ಹತ್ತಿರ ಕರೆದುಕೊಂಡು ಹೋದೆ. ಅವನಿಗೆ ಮೊದಲಿನಂಥ ಅಗಲದ ರೇಸಿನ ಟಾಯರೇ ಬೇಕು. ನಬಿಸಾಬಣ್ಣ ಮಳೆ, ಚಳಿ, ಬಿಸಿಲು ಎಲ್ಲಕ್ಕೂ ಒಗ್ಗುವ ಆಲ್ ಸೀಜನ್ ಹಾಕಿಸಿರಿ ಅಂದರು.

"ಅವು ಬರ್ಫ ಬೀಳೂ ಊರಿನವ್ರಿಗೆ," ಅಂದ ಶಿವಪ್ರಕಾಶ. "ಇಳಕಲ್ಲಿನ್ಯಾಗ ಎಲ್ಲಿ ಬರ್ಫ ಬೀಳ್ತೈತ್ರಿ?"

"ಬರ್ಫ ಇಲ್ರಿ. ಮಂಜು ಬೀಳ್ತೈತಿ. ಕಬ್ಬಿನ ಟ್ರ್ಯಾಕ್ಟರ್ ಎರಿ ಮಣ್ಣು ತಂದು ರೋಡಿಗೆ ಬಳೀತಾವು. ಈ ರೇಸಿನ ಟಾಯರು ಬಿಸಿ ಆದ ಮ್ಯಾಲೆ ನೆಲ ಹಿಡಿಯೂವು. ಮುಂಜಾನಿ ಥಂಡಿಗೆ ಬಿರುಸ ಆಗಿರ್ತಾವು." ಮತ್ತೆ ಅಂದರು, "ಇನ್ನೊಂದ್ರಿ. ಈಗ ಹುರಳಿ ಕಾಲ."

ನಮ್ಮ ಕಡೆ ಈಗ ಕಣ ಮಾಡುವವರು ಯಾರೂ ಉಳಿದಿಲ್ಲ. ಹುರಳಿ ಕಿತ್ತು ತಂದು ಡಾಂಬರಿನ ಮೇಲೆ ಹರವಿದರೆ ಆಯಿತು, ಲಾರಿ, ಬಸ್ಸು, ನನ್ನಂಥವರ ಸ್ಕೂಟಿ ಎಲ್ಲ ಸೇರಿ ಪುಕ್ಕಟೆ ರಾಶಿ ಮಾಡಿಕೊಡುತ್ತವೆ. ನಬಿಸಾಬಣ್ಣನ ಎರಡು ಎಕರೆ ಹೊಲ ಊರಿನಿಂದ ಬಾಗಲಕೋಟೆ ಕಡೆಗೆ ಎರಡು ಕಿಲೋಮೀಟರು ದೂರದ ತಿರುವಿನಲ್ಲಿ. ಅವರ ಹೆಂಡತಿ ಮಾಬುಬಿ ನಸುಕಿನಲ್ಲೇ ಹೋಗಿ ಹುರಳಿ ಹರವಿ, ಗಾಡಿ ಹೋದಂತೆಲ್ಲ ಕೋಲಿನಿಂದ ತಿರುವಿ ಹಾಕುತ್ತಿದ್ದಳು. ಗಾಡಿಯ ಸದ್ದು ಕೇಳಿದರೆ ಬದಿಗೆ ಸರಿದು ನಿಲ್ಲುವಳು.

"ನಮ್ಮಾಕಿ ಅಲ್ಲೇ ನಿಂತಿರ್ತಾಳ್ರಿ," ಅಂದರು ನಬಿಸಾಬಣ್ಣ. "ನಿಮ್ಮ ಗಾಡಿ ನಿಂದ್ರು ಅಂದಲ್ಲಿ ನಿಂದ್ರಬೇಕು. ನನಗ ಅಷ್ಟ ಬೇಕು."

"ಹಂಗಾದ್ರ ರೋಡಿನ ಮ್ಯಾಲೆ ಹರವೂದು ಬಿಡಸ್ರಲ್ಲ," ಅಂದೆ ನಾನು.

"ಎಲ್ಲಾರೂ ಹರವತಾರ್ರಿ ಅಕ್ಕಾರ." ನಕ್ಕುಬಿಟ್ಟರು.

ನಾನು ತಮ್ಮನಿಗೆ ಖಡಾಖಂಡಿತ ಹೇಳಿದೆ. ಆಲ್ ಸೀಜನ್ ಹಾಕಿಸಿದರೆ ಸರಿ, ಇಲ್ಲದಿದ್ದರೆ ನಾಳೆಯಿಂದ ನನಗೆ ಬಸ್ಸೇ ಗತಿ. ಗೊಣಗುತ್ತಾ ಒಪ್ಪಿಕೊಂಡ. ಆ ಅಳತೆಯದು ಹತ್ತಿರ ಎಲ್ಲೂ ಇರಲಿಲ್ಲ, ಹುಬ್ಬಳ್ಳಿಗೆ ಹೇಳಿ ತರಿಸಬೇಕಾಯಿತು. ಒಂದು ವಾರಕ್ಕೆ ಎರಡು ಬಂದವು. ಉಳಿದೆರಡು ಇನ್ನೂ ನಾಲ್ಕು ದಿನಕ್ಕೆ ಎಂದರು.

ನಾಲ್ಕೂ ಬರಲಿ, ಕೂಡಿಯೇ ಹಾಕಿಸೋಣ ಎಂದವನು ಶಿವಪ್ರಕಾಶ. ಒಮ್ಮೆಯಾದರೂ ಶಾಣ್ಯಾತನದ ಮಾತಾಡಿದ್ದ. ನಾನೇ ತಡೆದೆ. "ಎರಡಾದ್ರೂ ಹಾಕಿಸಲೇ, ಇಲ್ಲದ್ದಕ್ಕಿಂತ ಚೊಲೊ," ಅಂದೆ. ನಬಿಸಾಬಣ್ಣನೂ ಹೂಂ ಅಂದರು. ಎಲ್ಲಿ ಹಾಕುವುದು ಎಂಬ ಮಾತೇ ಬರಲಿಲ್ಲ. ನಮ್ಮಲ್ಲಿ ಜೀಪಾಗಲಿ ಟೆಂಪೋ ಆಗಲಿ, ಹೊಸದು ಬಂದರೆ ಮುಂದಿನ ಗಾಲಿಗೆ, ಹಳೆಯದು ಹಿಂದೆ. ಸ್ಟೇರಿಂಗ್ ಇರುವುದು ಮುಂದೆ ಅಲ್ಲವೇ? ಮೂವತ್ತು ವರ್ಷ ಅವರು ಹಾಗೇ ಹಾಕಿದ್ದರು. ಬಿಸ್ಮಿಲ್ಲಾ ಎಂದು ಹಾಕಿ, ನಟ್ಟು ಬಿಗಿದು, ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಇನ್ನ ನನಗ ನಿಶ್ಚಿಂತಿ," ಅಂದರು.

ಮೂರನೆಯ ಮುಂಜಾನೆ ಮಲಪ್ರಭೆಯ ಕಡೆಯಿಂದ ಮಂಜು ಎದ್ದು ರಸ್ತೆಯನ್ನೇ ನುಂಗಿತ್ತು. ಏಳೂವರೆಯಾದರೂ ಎಲ್ಲ ಗಾಡಿಗಳೂ ದೀಪ ಹಾಕಿಕೊಂಡೇ ಹೋಗುತ್ತಿದ್ದವು. ಶಿವಪ್ರಕಾಶ ಖುಷಿಯಲ್ಲಿದ್ದ. "ಅಕ್ಕಾ, ಹೆಂಗ ಹಿಡೀತೈತಿ ನೋಡು," ಎನ್ನುತ್ತಾ ಸ್ಟೇರಿಂಗನ್ನು ಆ ಕಡೆ ಈ ಕಡೆ ಮಣಿಸಿ ತೋರಿಸಿದ. ಹೌದು, ಮುಂದಿನ ಗಾಲಿಗಳು ಹೇಳಿದ ಮಾತು ಕೇಳುತ್ತಿದ್ದವು. ಆ ಧೈರ್ಯಕ್ಕೇ ಅವನು ಹಿಂದಿನ ವಾರಕ್ಕಿಂತ ಜೋರಾಗಿ ಓಡಿಸುತ್ತಿದ್ದ. ಸಾವಕಾಶ ಹೋಗು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊಸ ಟಾಯರು ಇದೆಯಲ್ಲ ಎಂದು ಸುಮ್ಮನಾದೆ.

ತಿರುವಿನಲ್ಲಿ ಹುರಳಿ ಇಬ್ಬನಿಗೆ ತೊಯ್ದು ಬಿದ್ದಿತ್ತು. ತಲೆಗೆ ಸೆರಗು ಸುತ್ತಿಕೊಂಡಿದ್ದ ಮಾಬುಬಿ ನಮ್ಮ ಸದ್ದಿಗೆ ಆಗಲೇ ಬದಿಗೆ ಸರಿದಿದ್ದಳು. ನಮ್ಮ ದಾರಿಯಲ್ಲಿ ಅವಳು ಇರಲೇ ಇಲ್ಲ, ಇದನ್ನು ನಾನು ಯಾರ ಮುಂದಾದರೂ ಆಣೆ ಮಾಡಿ ಹೇಳುತ್ತೇನೆ. ಶಿವಪ್ರಕಾಶ ಬ್ರೇಕು ಒತ್ತಿದ. ಕಾರಿನ ಮುಂಭಾಗ ಅವನು ತಿರುಗಿಸಿದ ಕಡೆಗೇ ತಿರುಗಿತು. ಹಿಂಭಾಗ ಮಾತ್ರ ಬೇರೆಯವರದು ಎಂಬಂತೆ ಜಾರಿ ಹೊರಗೆ ಹೋಯಿತು. ಕಾರು ಅಡ್ಡವಾಯಿತು. ಎದುರಿನ ಗಾಜಿನಲ್ಲಿ ಕಾಣಬೇಕಾಗಿದ್ದ ಮಾಬುಬಿ ನನ್ನ ಬದಿಯ ಕಿಟಕಿಯಲ್ಲಿ ಕಂಡಳು. ಅವಳು ನನ್ನನ್ನು ನೋಡಿದಳು, ಗುರುತೂ ಹಿಡಿದಳು. ಆಮೇಲೆ ಸದ್ದು.

ಬಾಗಲಕೋಟೆಯ ದವಾಖಾನೆ ಮುಟ್ಟುವ ಮೊದಲೇ, ನನ್ನ ತೊಡೆಯ ಮೇಲೆ, ಅವಳ ಉಸಿರು ನಿಂತಿತು.

ತಮ್ಮನ ಮೇಲೆ ಕೇಸಾಯಿತು. ಅವನು ಟಾಯರು ಮಾರುವ ಕಂಪನಿಯವರಿಗೆ ಫೋನು ಹಚ್ಚಿದಾಗ ಅವರು ಒಂದೇ ಮಾತು ಕೇಳಿದರಂತೆ. ಹೊಸ ಎರಡನ್ನು ಮುಂದೆ ಯಾಕೆ ಹಾಕಿದಿರಿ? ಎರಡೇ ಹೊಸದಿದ್ದರೆ ಅವು ಹಿಂದಕ್ಕೆ ಬೀಳಬೇಕು. ಮುಂದಿನವು ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಕಾಲು ತೆಗೆದು ಸುಧಾರಿಸಿಕೊಳ್ಳಬಹುದು. ಹಿಂದಿನವು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಓಡಿಸುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ತಪ್ಪು ಮಿಸ್ತ್ರೀದು ಅಂತ ಬರದು ಕೊಡು ಅಂತಾರ ವಕೀಲ್ರು," ಅಂದ ಶಿವಪ್ರಕಾಶ ಅಳುತ್ತಾ.

"ಇನ್ನೊಮ್ಮೆ ಆ ಮಾತು ಆಡಿದಿ ಅಂದ್ರ ನಿನ್ನ ಮಾರಿ ನೋಡೂದಿಲ್ಲ ನಾ."

ಎರಡಾದರೂ ಹಾಕಿಸು ಎಂದವಳು ನಾನು, ಓಡಿಸಿದವನು ಅವನು. ಮೂವತ್ತು ವರ್ಷ ಪರರ ಜೀವ ಕಾಯಲೆಂದು ಮೂರು ಪ್ರಶ್ನೆ ಕೇಳಿದ ಮನುಷ್ಯ, ತನ್ನ ಕೈಯಾರೆ ಹೆಂಡತಿಯನ್ನು ಕಳೆದುಕೊಂಡೆ ಎಂದು ತಿಳಿದು ಬದುಕಬಾರದು. ಏನೇ ಆಗಲಿ, ಇದು ಅವರ ಕಿವಿಗೆ ಬೀಳಬಾರದು. ತಮ್ಮನಿಂದ ಆಣೆ ಹಾಕಿಸಿಕೊಂಡೆ.

ಮಣ್ಣಾಗಿ ಹತ್ತು ದಿನಕ್ಕೆ ಅವರ ಮನೆಗೆ ಹೋದೆ. ನಬಿಸಾಬಣ್ಣ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಗಳು ತಬಸುಮ ಚಹಾ ತಂದಿಟ್ಟು ಒಳಗೆ ಹೋದಳು. ನಬಿಸಾಬಣ್ಣನೇ ಮೊದಲು ಬಾಯಿ ತೆರೆದರು.

"ಅಕ್ಕಾರ, ನೀವು ಗಾಡಿಯೊಳಗ ಇದ್ರಿ. ಒಂದ ಮಾತ ಕೇಳ್ತೇನಿ. ಜಾರಿದ್ವು ಮುಂದಿನ ಗಾಲಿನೋ, ಹಿಂದಿನವೋ?"

ಮಕ್ಕಳಿಗೆ ಖರೆ ಹೇಳಿರಿ ಎಂದು ಇಪ್ಪತ್ತು ವರ್ಷ ಬೆತ್ತ ಆಡಿಸಿದವಳು ನಾನು. ಅವರ ಮುಖ ನೋಡಿಯೇ ಹೇಳಿದೆ.

"ಮುಂದಿನವ್ರಿ ನಬಿಸಾಬಣ್ಣ. ಹುರಳಿ ಮ್ಯಾಲೆ ಯಾವ ಟಾಯರ್ ಇದ್ರೂ ನಿಲ್ತಿರಲಿಲ್ಲ."

ಅವರು ಬಹಳ ಹೊತ್ತು ತಲೆ ಆಡಿಸಿದರು. ಅವರ ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ. ಚಹಾ ಎತ್ತಿಕೊಂಡೆ.

"ಅವತ್ತ ಸಂಜೀಕ ನಾ ಆ ತಿರುವಿಗೆ ಹೋಗಿದ್ನಿರಿ," ಅಂದರು. "ಹುರಳಿ ಎಲ್ಲಾ ಬಳದು, ರೋಡಿನ ಮ್ಯಾಲಿನ ಗಾಲಿ ಗುರ್ತ ನೋಡಿ ಬಂದೇನಿ. ನೀವು ಹೇಳಿದ್ದು ಖರೆ ಇದ್ದಿದ್ರ ಭಾಳ ಚೊಲೊ ಇತ್ತು, ಅಕ್ಕಾರ."