ಈಜುಕೊಳದ ತಳದಲ್ಲೊಂದು ಬೀದಿ

ಬಿರುಗಾಳಿ ಬರುತ್ತದೆ ಎಂದು ರೇಡಿಯೋ ಹೇಳಿದ ತಕ್ಷಣ ಬೇರೆ ಕಡೆ ಜನ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ನಮ್ಮ ಬೀದಿಯಲ್ಲಿ ಮಾತ್ರ ಎಲ್ಲರೂ ತಮ್ಮ ತಮ್ಮ ಕಬ್ಬಿಣದ ಕುರ್ಚಿ ಹೊತ್ತುಕೊಂಡು ನಮ್ಮ ದೊಡ್ಡಮ್ಮನ ಹತ್ತಿರ ಓಡುತ್ತಾರೆ. ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ, ಇರುವುದು ನಮ್ಮ ಮನೆಯಲ್ಲೇ. ನಗರಸಭೆಯ ಈಜುಕೊಳ ನೋಡಿಕೊಳ್ಳುವವಳು. ಗೇಟು ತೆಗೆಯುವುದು, ಕ್ಲೋರಿನ್ ಹಾಕುವುದು, ಬಿದ್ದ ಎಲೆ ಬಳಿಯುವುದು, ಮಕ್ಕಳಿಗೆ ಈಜು ಕಲಿಸುವುದು, ಕಲಿಯದ ಮಕ್ಕಳ ಅಪ್ಪಂದಿರಿಗೆ ಬೈಯುವುದು ಎಲ್ಲಾ ಅವಳೇ. ಆದರೆ ಬಿರುಗಾಳಿಗಳ ಕಾಲ ಬಂತೆಂದರೆ ಅವಳ ಅಸಲಿ ಕೆಲಸ ಶುರು. ಆ ಗಾಳಿಯಲ್ಲಿ ವರಾಂಡದ ಕುರ್ಚಿ ಕುರ್ಚಿಯಾಗಿ ಉಳಿಯುವುದಿಲ್ಲ, ಫಿರಂಗಿ ಗುಂಡಾಗುತ್ತದೆ. ಎದುರುಮನೆಯ ಕಿಟಕಿ ಒಡೆದುಕೊಂಡು ಹೋಗಿ ಅವರ ನಡುಮನೆಯಲ್ಲಿ ಕೂರುತ್ತದೆ. ನೀರಿನ ಒಳಗಿರುವುದನ್ನು ಮಾತ್ರ ಗಾಳಿ ಮುಟ್ಟುವುದಿಲ್ಲ. ಅದಕ್ಕೇ ಕುರ್ಚಿ, ಮೇಜು, ಸೈಕಲ್ಲು, ಬೇಕರಿಯ ಟ್ರೇ ಇಡುವ ಸ್ಟ್ಯಾಂಡು, ಡಾಕ್ಟರ ಮನೆಯ ಉಯ್ಯಾಲೆ, ಎಲ್ಲವೂ ಈಜುಕೊಳಕ್ಕೆ!

ಗೇಟಿನಲ್ಲಿ ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಾಳೆ. ಮುಳುಗುವುದು ಒಳಗೆ, ತೇಲುವುದು ವಾಪಸ್ಸು. ಅಷ್ಟೇ ರೂಲ್ಸು.

"ಇದೇನಿದು, ಮರದ ಸ್ಟೂಲು?" ಎಂದು ಬೇಕರಿ ಅಕ್ಕನನ್ನು ತಡೆಯುತ್ತಾಳೆ.

"ಕಲ್ಲು ಕಟ್ಟಿ ಮುಳುಗಿಸಮ್ಮ, ಏನಾಗುತ್ತೆ?"

"ನಿನಗೂ ಒಂದು ಕಲ್ಲು ಕಟ್ಟಿದ್ರೆ ಎಷ್ಟು ಚೆನ್ನಾಗಿರುತ್ತೆ. ಹೋಗು, ಮನೆಯೊಳಗಿಟ್ಟು ಅದರ ಮೇಲೆ ನೀನೇ ಕೂತ್ಕೋ. ನಿನ್ನನ್ನ ಯಾವ ಗಾಳಿ ಎತ್ತುತ್ತೆ?"

ಬೇಕರಿ ಅಕ್ಕ ಕೆಂಡಾಮಂಡಲವಾಗಿ ಹೋಗುತ್ತಾಳೆ, ಕಾಲು ಗಂಟೆಯಲ್ಲಿ ಬಿಸಿ ಬನ್ನು ಹಿಡಿದುಕೊಂಡು ಬರುತ್ತಾಳೆ. ನಮ್ಮ ಬೀದಿ ಹಾಗೆ.

ಈ ವರ್ಷ ಸಮುದ್ರಕ್ಕೆ ಅದೇನಾಗಿತ್ತೋ! ಆಚೆ ದಡದ ಕಡೆ, ನಾವು ಯಾರೂ ನೋಡದ ನೀರಿನ ಮೇಲೆ, ಬೆಚ್ಚಗಿನ ಗಾಳಿಯ ಒಂದು ಪುಟ್ಟ ಸುಳಿ ಹುಟ್ಟುತ್ತಿತ್ತು, ನಿದ್ದೆಯಲ್ಲಿ ಮಗು ಮಗ್ಗುಲು ಬದಲಿಸಿದ ಹಾಗೆ. ಆಮೇಲೆ ವಾರಗಟ್ಟಲೆ ಸಮುದ್ರದ ಮೇಲೆ ನಡೆದುಕೊಂಡು ನಡೆದುಕೊಂಡು ದೊಡ್ಡದಾಗುತ್ತಾ ಬರುತ್ತಿತ್ತು. ಹವಾಮಾನದವರು ಒಂದೊಂದಕ್ಕೂ ಅಕ್ಷರಮಾಲೆಯ ಪ್ರಕಾರ ಹೆಸರಿಟ್ಟು ಇಟ್ಟು ಅಕ್ಷರಗಳೇ ಖಾಲಿಯಾಗುವ ಹಾಗಿತ್ತು. ದೊಡ್ಡಮ್ಮನಿಗೆ ಆ ಹೆಸರುಗಳು ನಾಲಿಗೆಗೆ ಹತ್ತುವುದಿಲ್ಲ, ಅವಳದೇ ಬೇರೆ ಇದ್ದವು. ಮೊದಲನೆಯದು 'ಸೋಮಾರಿ', ಅರ್ಧ ದಾರಿಯಲ್ಲೇ ಮಲಗಿ ಮಳೆಯಾಗಿ ಕರಗಿಹೋಯಿತು. ಇನ್ನೊಂದು 'ನೆಂಟ', ಬಂದದ್ದು ಹೋಗಲೇ ಇಲ್ಲ. ನಾನು ಅವಳ ಪಾಲಿಗೆ 'ಕಪ್ಪೆಮರಿ'. ಕಾಲೇಜಿಗೆ ಹೋದರೂ ಅದು ಬದಲಾಗಲಿಲ್ಲ.

ಈಗ ಹೇಳಲೇಬೇಕಾದದ್ದು ಹೇಳುತ್ತೇನೆ. ದೊಡ್ಡಮ್ಮ ಸಾಮಾನನ್ನು ಸುಮ್ಮನೆ ನೀರಿಗೆ ಎಸೆಯುವುದಿಲ್ಲ. ಗಂಡಸರು ಹಗ್ಗ ಕಟ್ಟಿ ಇಳಿಸುತ್ತಾರೆ, ಅವಳು ಮುಳುಗಿ, ಒಂದೊಂದನ್ನೂ ತಳದಲ್ಲಿ ಅದರದರ ಜಾಗದಲ್ಲಿ ಜೋಡಿಸುತ್ತಾಳೆ. ಜಾಗ ಅಂದರೆ ನಮ್ಮ ಬೀದಿಯದೇ ಜಾಗ! ಆಳದ ಕಡೆ ಸಮುದ್ರದ ತುದಿ, ಮೆಟ್ಟಿಲಿನ ಕಡೆ ದಿಬ್ಬದ ತುದಿ. ಎಡಗೋಡೆಗೆ ಡಾಕ್ಟರು, ಪಕ್ಕದಲ್ಲಿ ಬೇಕರಿ, ಆಮೇಲೆ ನಮ್ಮ ಮನೆ. ಬಲಗೋಡೆಗೆ ಕ್ಷೌರದಂಗಡಿ, ಹಾಗೇ ಸಾಲಾಗಿ. ಬಿರುಗಾಳಿ ಹೋದ ಮೇಲೆ ಕೊಳ ಕೆಸರಾಗಿ ಟೀ ಬಣ್ಣಕ್ಕೆ ತಿರುಗಿರುತ್ತದೆ, ಕಣ್ಣು ಬಿಟ್ಟರೂ ಒಂದೇ ಮುಚ್ಚಿದರೂ ಒಂದೇ. ಆಗ ಅವಳು ಕಣ್ಣು ಮುಚ್ಚಿ ಮುಳುಗಿ ಬೀದಿಯಲ್ಲಿ ನಡೆಯುವ ಹಾಗೆ ನಡೆದು, ಕೈಗೆ ಸಿಕ್ಕಿದ್ದು ಯಾರ ಮನೆಯದು ಅಂತ ತಪ್ಪಿಲ್ಲದೆ ಹಗ್ಗ ಕಟ್ಟಿ ಕಳಿಸುತ್ತಾಳೆ.

ಗಾಳಿ ಶುರುವಾಗುವ ಮೊದಲು, ನೀರು ಇನ್ನೂ ತಿಳಿಯಾಗಿದ್ದಾಗ, ನಾನೂ ಅವಳ ಜೊತೆ ಮುಳುಗುತ್ತಿದ್ದೆ. ಅಯ್ಯೋ, ಅದನ್ನು ಹೇಗೆ ಹೇಳಲಿ! ಹಸಿರು ಬೆಳಕಿನಲ್ಲಿ ನಮ್ಮ ಬೀದಿ, ಗೋಡೆಗಳಿಲ್ಲದ ಬೀದಿ, ಸದ್ದೇ ಇಲ್ಲದ ಬೀದಿ. ಕುರ್ಚಿಗಳು ಒಂದನ್ನೊಂದು ನೋಡಿಕೊಂಡು ಕೂತಿವೆ. ಡಾಕ್ಟರ ಉಯ್ಯಾಲೆ ಯಾರೂ ತೂಗದೆ ತನ್ನಷ್ಟಕ್ಕೆ ತೂಗುತ್ತಿದೆ. ಸೈಕಲ್ಲಿನ ಚಕ್ರ ನಿಧಾನಕ್ಕೆ ತಿರುಗುತ್ತಾ ಎಲ್ಲಿಗೂ ಹೋಗುತ್ತಿಲ್ಲ. ಅವುಗಳ ನಡುವೆ ದೊಡ್ಡಮ್ಮ ಬಿಳಿ ಕೂದಲು ಬಿಚ್ಚಿಕೊಂಡು, ಸಂಜೆ ವಾಕಿಂಗಿಗೆ ಹೊರಟವಳ ಹಾಗೆ, ಒಂದು ಕುರ್ಚಿಯನ್ನು ಸ್ವಲ್ಪ ಓರೆ ಮಾಡಿ, ಒಂದು ಮೇಜನ್ನು ಸರಿ ಮಾಡಿ ತೇಲಿಹೋಗುತ್ತಾಳೆ. ಮೇಲೆ ಮಂಡಿನೋವು ಎಂದು ಒದ್ದಾಡುವ ಅದೇ ದೊಡ್ಡಮ್ಮ! ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಒದ್ದೆ ಕೂದಲು ಒಣಗೋದ್ರೊಳಗೆ ವಯಸ್ಸಾಗೋಯ್ತು ಕಣೇ" ಎಂದು ನಗುತ್ತಾಳೆ.

ಬೀದಿಯಲ್ಲಿ ಒಬ್ಬರು ಮಾತ್ರ ಏನನ್ನೂ ನೀರಿಗೆ ಕೊಡುತ್ತಿರಲಿಲ್ಲ. ಸಮುದ್ರದ ತುದಿಯ ಟೈಲರು. ಹೆಂಡತಿ ತೀರಿಹೋಗಿ ಬಹಳ ವರ್ಷವಾದ ಒಂಟಿ ಮನುಷ್ಯ. ಅವರದು ಬಟ್ಟೆ ಹೊಲಿಯುವ ಅಂಗಡಿಯಲ್ಲ. ಟಾರ್ಪಾಲು, ಹಾಯಿ, ಅಂಗಡಿಗಳ ಮುಂದಿನ ನೆರಳು ಬಟ್ಟೆ, ಇಂಥವು. ಮಷೀನು ಕಾಲಲ್ಲಿ ತುಳಿಯುವ ಕಬ್ಬಿಣದ ರಾಕ್ಷಸ, ಎತ್ತಲು ನಾಲ್ಕು ಜನ ಬೇಕು. ಬಿರುಗಾಳಿಗೆ ಅದನ್ನು ಕಂಬಕ್ಕೆ ಕಟ್ಟಿಹಾಕುತ್ತಿದ್ದರು. ಆದರೆ 'ನೆಂಟ' ಬಂದಾಗ ಅಂಗಡಿಯ ಅರ್ಧ ಚಾವಣಿಯ ಜೊತೆ ಪಕ್ಕದ ಕಂಬವೂ ಹೋಯಿತು. ಮುಂದಿನ ಬಿರುಗಾಳಿಯ ಸುದ್ದಿ ಬಂದಾಗ ದೊಡ್ಡಮ್ಮ ತಾನಾಗಿ ಅಲ್ಲಿಗೆ ಹೋದಳು. ನಾನೂ ಹಿಂದೆ.

"ಈ ಸಲ ಮಷೀನು ನನಗೆ ಕೊಡಿ."

ಟೈಲರ ಬಾಯಲ್ಲಿ ಯಾವಾಗಲೂ ಗುಂಡುಸೂಜಿಗಳು. ಮಾತಾಡಬೇಕೆಂದರೆ ಒಂದೊಂದೇ ತೆಗೆದು ದಿಂಬಿಗೆ ಚುಚ್ಚಬೇಕು. ಅಷ್ಟೂ ಚುಚ್ಚಿ ಮುಗಿಸಿ, "ತುಕ್ಕು ಹಿಡಿಯಲ್ವಾ?" ಎಂದರು.

"ತುಕ್ಕು ಹಿಡಿದ್ರೆ ಉಜ್ಜಬಹುದು. ಹಾರಿಹೋದ್ರೆ ಏನ್ ಉಜ್ತೀರಾ?"

"ನನ್ನ ಹತ್ರ ಇರೋದು ಇದೊಂದೇ."

"ಗೊತ್ತು. ಅದಕ್ಕೇ ಕೇಳ್ತಿರೋದು. ನಾನು ಇಟ್ಟಿದ್ದನ್ನ ತೆಗೆದುಕೊಡೋದು ನನ್ನ ಜವಾಬ್ದಾರಿ. ಮಾತು ಅಂದ್ರೆ ಮಾತು."

ಟೈಲರು ಅವಳ ಮುಖವನ್ನೇ ನೋಡಿದರು. ಆಮೇಲೆ ದಪ್ಪ ರಬ್ಬರ್ ಬಟ್ಟೆ ಹರವಿ, ಅದೇ ಮಷೀನಿನಲ್ಲಿ ಅದಕ್ಕೆ ಒಂದು ಚೀಲ ಹೊಲಿದರು. ತನ್ನ ಅಂಗಿಯನ್ನು ತಾನೇ ಹೊಲಿದುಕೊಂಡ ಮಷೀನನ್ನು ನಾನು ಬೇರೆಲ್ಲೂ ನೋಡಿಲ್ಲ! ಮೈತುಂಬ ಗ್ರೀಸು ಮೆತ್ತಿ, ಚೀಲದಲ್ಲಿ ಇಳಿಸಿ, ಕೊನೆಯ ಹೊಲಿಗೆಯನ್ನು ಕೈಯಲ್ಲಿ ಹಾಕಿ ಮೇಣ ಬಳಿದರು.

ಈ ಸಲದ್ದಕ್ಕೆ ದೊಡ್ಡಮ್ಮ ಇಟ್ಟ ಹೆಸರು 'ಮರೆಗುಳಿ'. ನಮ್ಮ ಕಡೆ ಹೊರಟು, ಏನೋ ಮರೆತ ಹಾಗೆ ಹಿಂದೆ ತಿರುಗಿ, ಮತ್ತೆ ನೆನಪಾಗಿ ವಾಪಸ್ಸು ಹೊರಟಿತ್ತು. ಅದು ಬರುವ ದಿನ ಮಧ್ಯಾಹ್ನವೇ ಆಕಾಶ ಹಳದಿಯಾಗಿತ್ತು. ಎಲ್ಲರ ಸಾಮಾನೂ ಆಗಲೇ ತಳ ಸೇರಿತ್ತು, ಮಷೀನು ಕೊನೆಯದು. ನಾಲ್ಕು ಜನ ಹಗ್ಗ ಕಟ್ಟಿ ಅದನ್ನು ಆಳದ ತುದಿಯಲ್ಲಿ ಇಳಿಸಿದರು. ನನ್ನನ್ನು ದಡದಲ್ಲೇ ನಿಲ್ಲಿಸಿ ದೊಡ್ಡಮ್ಮ ಒಬ್ಬಳೇ ಮುಳುಗಿದಳು. ತುಂಬಾ ಹೊತ್ತು ಬರಲಿಲ್ಲ. ಹಗ್ಗ ಅತ್ತಿತ್ತ ಎಳೆದಾಡುತ್ತಿತ್ತು. ಕೊನೆಗೆ ಮೇಲೆ ಬಂದಾಗ ಅವಳ ಎಡಗಿವಿಯಿಂದ ತೆಳ್ಳಗೆ ರಕ್ತ ಇಳಿಯುತ್ತಿತ್ತು.

ಇಡೀ ಬೀದಿ ದಿಬ್ಬದ ಮೇಲಿನ ಶಾಲೆಯ ಹಾಲಿನಲ್ಲಿ ಸೇರಿತ್ತು. ಡಾಕ್ಟರು ಟಾರ್ಚು ಹಾಕಿ ನೋಡಿದರು. "ಕಿವಿಯ ಪರದೆ ಹರಿದಿದೆ. ಇನ್ನು ನೀರಿಗಿಳಿದ್ರೆ ಈ ಕಿವಿ ಹೋದ ಹಾಗೇ. ಮುಳುಗೋದು ಬಂದ್."

"ನಿನಗೆ ಉಸಿರು ಹಿಡಿಯೋದು ಕಲಿಸಿದ್ದು ನಾನು. ನನಗೇ ಬಂದ್ ಅಂತೀಯಾ?"

"ನೀವು ಕಲಿಸಿದ್ದಕ್ಕೇ ಬದುಕಿದ್ದೀನಿ. ಅದಕ್ಕೇ ಹೇಳ್ತಿದ್ದೀನಿ."

ಹತ್ತಿ ತುರುಕಿದ ಕಿವಿ ಹಿಡಿದುಕೊಂಡು ಅವಳು ಮೂಲೆಯಲ್ಲಿ ಕೂತಳು. ಹೊರಗೆ ಗಾಳಿ ಸಮುದ್ರವನ್ನೇ ಎತ್ತಿ ತಂದು ಬಾಗಿಲಿಗೆ ಚೆಲ್ಲುತ್ತಿತ್ತು. ಅವಳು ಮಾತ್ರ ಮತ್ತೆ ಮತ್ತೆ ನನ್ನ ಕೈ ಅದುಮಿ, "ಮಾತು ಕೊಟ್ಟಿದ್ದೀನಲ್ಲೇ, ಕಪ್ಪೆಮರಿ" ಎನ್ನುತ್ತಿದ್ದಳು. "ನಾನಿದ್ದೀನಲ್ಲ ದೊಡ್ಡಮ್ಮ" ಎಂದೆ. ನೋಡಿದಳು, ಮುಖದಲ್ಲಿ ಸಮಾಧಾನದ ಬದಲು ಅದೇನೋ ಗಾಬರಿ. ನನಗೆ ಆಗ ಅರ್ಥವಾಗಲಿಲ್ಲ.

ಗಾಳಿ ಹೋದ ಮೇಲೆ ಕೆಳಗಿಳಿದು ನೋಡಿದರೆ ನಮ್ಮ ಬೀದಿಯ ಮನೆಗಳೆಲ್ಲ ಆಕಾಶ ನೋಡುತ್ತಿದ್ದವು. ಗೋಡೆಗಳಿದ್ದವು, ಚಾವಣಿಗಳಿರಲಿಲ್ಲ. ಟೈಲರ ಅಂಗಡಿ ಇದ್ದಲ್ಲಿ ಮರಳು ಅಷ್ಟೇ. ನಮ್ಮದು ಕಾಂಕ್ರೀಟಿನ ವರಾಂಡವಾದ್ದರಿಂದ ಅದೊಂದು ಉಳಿದಿತ್ತು. ಲಾರಿಯಲ್ಲಿ ಟಾರ್ಪಾಲಿನ ಸುರುಳಿಗಳು ಬಂದವು, ಆದರೆ ಎಲ್ಲಾ ಮೊಳದಗಲದ ಪಟ್ಟಿಗಳು. ಸೇರಿಸಿ ಹೊಲಿಯದೆ ಯಾರ ಮನೆಗೂ ಸಾಲದು. ಅಷ್ಟರಲ್ಲಿ ರೇಡಿಯೋ ಮತ್ತೊಂದು ಸುಳಿ ಹೊರಟಿದೆ ಎಂದಿತು. ಎಲ್ಲರ ಕಣ್ಣೂ ಈಜುಕೊಳದ ಮೇಲೆ.

ನಾನು ಮುಳುಗಿದೆ. ಕಣ್ಣು ಮುಚ್ಚಿದೆ, ದೊಡ್ಡಮ್ಮನ ಹಾಗೆ. ಮೇಲೆ ಅವಳು ಹೇಳಿಕೊಟ್ಟಿದ್ದಳು: "ಎಡಗೋಡೆ ಮುಟ್ಟಿಕೊಂಡು ಹೋಗು. ಡಾಕ್ಟರ ಉಯ್ಯಾಲೆ ಸಿಕ್ಕಿದ್ರೆ ಬೀದಿ ಸಿಕ್ಕಿತು ಅಂದ್ಕೋ." ಸಿಕ್ಕಿತು! ಸರಪಳಿ ತಣ್ಣಗೆ ಕೈಗೆ ಬಂತು, ಯಾರೋ ಕತ್ತಲಲ್ಲಿ ಕೈ ಚಾಚಿದ ಹಾಗೆ. ಅಲ್ಲಿಂದ ನಾನು ನಿಜವಾಗಲೂ ನಮ್ಮ ಬೀದಿಯಲ್ಲೇ ನಡೆಯುತ್ತಿದ್ದೆ. ಇದು ಬೇಕರಿ, ಇನ್ನೇನು ಬನ್ನಿನ ವಾಸನೆ ಬರಬೇಕು. ಇದು ನಮ್ಮ ಎದುರುಮನೆಯವರ ಮೇಜು. ಮೇಲೆ ಬಿದ್ದುಹೋದ ಬೀದಿ ಇಲ್ಲಿ ಒಂದು ಕಾಲೂ ಅಲುಗದೆ ಕೂತಿತ್ತು. ಒಂದೊಂದಾಗಿ ಹಗ್ಗ ಕಟ್ಟಿ ಕಳಿಸಿದೆ, ಮೇಲೆ ಚಪ್ಪಾಳೆ. "ಮಷೀನು?" ಎಂದು ಕೇಳಿದಾಗೆಲ್ಲ ದೊಡ್ಡಮ್ಮ, "ಅದೂ ನಮ್ಮನೇದೂ ಕೊನೆಗಿರಲಿ, ಈಗ ಮುಟ್ಟಬೇಡ" ಎನ್ನುತ್ತಿದ್ದಳು.

"ಕೊನೆಗಲ್ಲ, ಮೊದಲು ಅದೇ ಬೇಕಾಗಿರೋದು!" ಎಂದಳು ಬೇಕರಿ ಅಕ್ಕ. "ಸಮುದ್ರದ ತುದಿ, ಆಳದ ಕಡೆ. ಹೋಗು ಮಗು."

ಹೋದೆ. ಟೈಲರ ಜಾಗದಲ್ಲಿ ಬರೀ ಟೈಲ್ಸು, ಕೆಸರು. ಮತ್ತೆ ಮುಳುಗಿದೆ, ಮೂಲೆಯೆಲ್ಲ ತಡಕಿದೆ. ಇಲ್ಲ! ಮೇಲೆ ಬಂದು, "ಅಲ್ಲಿಲ್ಲ" ಎಂದೆ. ಟೈಲರ ಬಾಯಲ್ಲಿ ಅವತ್ತು ಒಂದು ಸೂಜಿಯೂ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡರು.

ಅದನ್ನು ನೋಡಿ ದೊಡ್ಡಮ್ಮ ಚಪ್ಪಲಿ ಬಿಟ್ಟಳು. ಕಿವಿಯ ಹತ್ತಿ ತೆಗೆಯಲು ಕೈ ಎತ್ತಿದಳು. ಡಾಕ್ಟರು ಓಡಿಬಂದು ತೋಳು ಹಿಡಿದರು. "ಬಿಡೋ, ನಾನೇ ಇಳೀತೀನಿ!" ಎಂದು ಅವಳು ಕೊಸರಿದಳು.

"ಕಿವಿ ಹೋಗುತ್ತೆ!"

"ಹೋದ್ರೆ ಹೋಗ್ಲಿ!"

"ಎಲ್ಲಿಟ್ಟಿದ್ದೀಯಾ ಅಂತ ನನಗೆ ಹೇಳು ದೊಡ್ಡಮ್ಮ," ಎಂದು ದಡಕ್ಕೆ ಅಂಟಿಕೊಂಡು ಬೇಡಿಕೊಂಡೆ. "ನಾನು ತರ್ತೀನಿ."

ಅವಳು ಸುತ್ತ ನೋಡಿದಳು. ಬಗ್ಗಿದಳು. ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. ಪಾಪ, ಒಂದು ಕಿವಿ ಹರಿದು, ತಲೆಯೊಳಗೆಲ್ಲ ಗುಂಯ್ ಎನ್ನುತ್ತಿದ್ದವಳಿಗೆ ತನ್ನ ದನಿಯ ಅಳತೆಯೇ ಸಿಗುತ್ತಿರಲಿಲ್ಲ. ಆ ಪಿಸುಮಾತು ದಿಬ್ಬದ ಮೇಲಿನ ಶಾಲೆಗೂ ಕೇಳಿಸಿರಬೇಕು:

"ನಮ್ಮ ಮನೆ ವರಾಂಡದಲ್ಲಿ ಕಣೇ! ನನ್ನ ಕುರ್ಚಿ ಪಕ್ಕ! ಯಾರಿಗೂ ಹೇಳಬೇಡ!"

ಬೇಕರಿ ಅಕ್ಕ ನಿಧಾನವಾಗಿ, ಬಾಯಿ ತುಂಬಾ, "ಓಹೋ..." ಎಂದಳು. ಎಲ್ಲರ ಮುಖ ನೋಡಿ ದೊಡ್ಡಮ್ಮನಿಗೆ ವಿಷಯ ಗೊತ್ತಾಯಿತು. ಕಿವಿಯ ಹತ್ತಿಯವರೆಗೂ ಕೆಂಪಾಗಿ, ಕೊಳದ ಕಡೆ ತಿರುಗಿ ನಿಂತಳು. ನಾನು ಟಪಕ್ಕನೆ ಮುಳುಗಿಬಿಟ್ಟೆ, ಯಾಕೆಂದರೆ ನಗು ತಡೆಯಲು ನೀರಿನೊಳಗಲ್ಲದೆ ಬೇರೆ ಜಾಗವಿರಲಿಲ್ಲ.

ಎಡಗೋಡೆ, ಡಾಕ್ಟರು, ಬೇಕರಿ, ನಮ್ಮ ಮನೆ. ದೊಡ್ಡಮ್ಮನ ಕುರ್ಚಿ. ಅದರ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ, ರಬ್ಬರ್ ಅಂಗಿ ತೊಟ್ಟ ಮಷೀನು. ಆಳದ ತುದಿಯಿಂದ ಇಲ್ಲಿಯವರೆಗೆ ಅಷ್ಟು ಭಾರವನ್ನು ಉಸಿರು ಕಟ್ಟಿ ಒಬ್ಬಳೇ ಎಳೆದಿದ್ದಳು! ನಾನು ಒಂದು ಕೈ ಕುರ್ಚಿಯ ಮೇಲೆ, ಒಂದು ಕೈ ಮಷೀನಿನ ಮೇಲೆ ಇಟ್ಟುಕೊಂಡು, ಉಸಿರಿರುವಷ್ಟೂ ಹೊತ್ತು ಆ ಕತ್ತಲಲ್ಲಿ ಇದ್ದೆ. ಯಾರದೋ ಕನಸಿಗೆ ಬಾಗಿಲು ತಟ್ಟದೆ ಹೋಗಿ ನಿಂತ ಹಾಗಿತ್ತು.

ನಾಲ್ಕು ಜನ ಎಳೆದು ಮೇಲೆ ತಂದರು. ಟೈಲರು ಮೇಣದ ಹೊಲಿಗೆ ಕತ್ತರಿಸಿ, ಗ್ರೀಸು ಒರೆಸಿ, ಚಕ್ರಕ್ಕೆ ಒಂದು ಬೆರಳು ಕೊಟ್ಟರು. ತಿರುಗಿತು! ಸೂಜಿ ಮೇಲೆ ಹೋಗಿ ಕೆಳಗೆ ಬಂತು. ಇಡೀ ಬೀದಿ ಕೂಗಿದ್ದಕ್ಕೆ ಹಕ್ಕಿಗಳೆಲ್ಲ ಹಾರಿಹೋದವು.

"ಸರಿ, ಅಂಗಡಿಯಂತೂ ಇಲ್ಲ," ಎಂದಳು ಬೇಕರಿ ಅಕ್ಕ, ಮುಗ್ಧೆಯ ಹಾಗೆ ಕಣ್ಣರಳಿಸಿ. "ಎಲ್ಲಿಡೋದು ಇದನ್ನ?"

ಟೈಲರು ಚಕ್ರದ ಮೇಲಿನ ಕೈ ತೆಗೆಯದೆ, ಮೆಲ್ಲಗೆ ಅಂದರು, "ಅವರು ಇಟ್ಟಿದ್ದ ಜಾಗದಲ್ಲೇ ಇಡೋಣ. ಅವರು ಒಪ್ಪಿದ್ರೆ."

"ಏನಂದ್ರು?" ಎಂದು ದೊಡ್ಡಮ್ಮ ನನ್ನ ಭುಜ ಅಲುಗಿಸಿದಳು. "ಏನೇ ಅಂದ್ರು? ಬೈದ್ರಾ?"

ನಾನು ಅವಳ ಒಳ್ಳೆಯ ಕಿವಿಗೆ ಕೈ ಅಡ್ಡ ಇಟ್ಟು ಗಟ್ಟಿಯಾಗಿ ಹೇಳಿದೆ. ಹೀಗಾಗಿ ಬೀದಿಗೆಲ್ಲ ಅದು ಎರಡೆರಡು ಸಲ ಕೇಳಿಸಿತು.

ದೊಡ್ಡಮ್ಮ ಬಿಟ್ಟ ಚಪ್ಪಲಿಯನ್ನು ಹುಡುಕಿ ಹಾಕಿಕೊಂಡಳು. "ಮಳೆ ಬರೋದ್ರೊಳಗೆ ಹೊಲಿಗೆ ಆಗಬೇಕು, ಇಲ್ಲೇ ನಿಂತ್ಕೊಂಡು ಹಲ್ಲು ಕಿರೀತಾ ಇದ್ರೆ ಹೇಗೆ? ಎತ್ರಿ!" ಎಂದು ಆ ನಾಲ್ವರನ್ನು ಗದರಿ, ಟೈಲರ ಮುಖ ನೋಡದೆ ಮುಂದೆ ಮುಂದೆ ನಡೆದು, ವರಾಂಡದಲ್ಲಿ ಬೆಳಕು ಚೆನ್ನಾಗಿ ಬೀಳುವ ಕಡೆ ಕಾಲಲ್ಲಿ ಕಸ ಸರಿಸಿ ಜಾಗ ಮಾಡಿದಳು.